ಮುಲ್ಕಿಯಾಗಲು ನಾನು ಓದಿದ ಚರಿತ್ರೆ

ನಾನು ಈ ರಾಜ್ಯದವನೇ ಎಂಬ ವಿಷಯದಲ್ಲಿ ನೌಕರಿಯ ಆಸೆ ಹುಟ್ಟುವ ತನಕ ನನಗೆ ಯಾವ ಸಂಶಯವೂ ಇರಲಿಲ್ಲ. ನಮ್ಮ ಮನೆ ಭೀಮಾ ದಂಡೆಯ ಮಣ್ಣೂರಿನಲ್ಲಿ, ಹೊಲ ಮಣ್ಣೂರಿನಲ್ಲಿ, ಅಜ್ಜ ಮುತ್ತಜ್ಜರ ಸಮಾಧಿಗಳೂ ಮಣ್ಣೂರಿನಲ್ಲಿ. ಆಗ ಈ ಭಾಗವೆಲ್ಲ ನಿಜಾಮರ ಆಳ್ವಿಕೆಗೆ ಸೇರಿತ್ತು. ಹೊಳೆ ದಾಟಿದರೆ ಇಂಗ್ಲಿಷರ ಸರಕಾರ. ನಾವು ಹೊಳೆಯ ಈಚೆಯವರು. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ ಎಂದು ನಂಬಿದ್ದೆ.

ಆಳಂದದ ಸುಂಕದ ನಾಕೆಯಲ್ಲಿ ಗುಮಾಸ್ತನ ಜಾಗ ಖಾಲಿಯಾಯಿತು. ನನಗೆ ಉರ್ದು ಓದಲು ಬರೆಯಲು ಬರುತ್ತಿತ್ತು. ಹೆಂಡತಿ ನೀಲವ್ವ ಚೊಚ್ಚಲ ಬಸುರಿ. ತಂದೆ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಮಲ್ಲಪ್ಪ ಕಾಕಾ. ಅವನ ಮನೆಯಲ್ಲಿ ಆಗಲೇ ಮೂರು ಸಂಸಾರಗಳು ಒಂದೇ ಒಲೆಗೆ ಕೂತಿದ್ದವು. ಕೂಸು ಹುಟ್ಟುವ ಮೊದಲು ಆಳಂದದಲ್ಲಿ ಒಂದು ಕೋಣೆ, ಒಂದು ಒಲೆ, ಅಷ್ಟೇ ನೀಲವ್ವನ ಬೇಡಿಕೆ. ನೌಕರಿ ಸಿಕ್ಕರೆ ಅದು ಸಿಗುತ್ತಿತ್ತು.

ಆದರೆ ಸರಕಾರಿ ನೌಕರಿ ಮುಲ್ಕಿಗಳಿಗೆ ಮಾತ್ರ. ಮುಲ್ಕಿ ಎಂದರೆ ಈ ರಾಜ್ಯದ ಮನುಷ್ಯ. ಹಾಗೆಂದು ತಹಶೀಲ್ದಾರರು ತನಿಖೆ ಮಾಡಿ ಪ್ರಮಾಣಪತ್ರ ಕೊಡಬೇಕು. ನಾನು ನಗುನಗುತ್ತಲೇ ಅಫಜಲಪುರಕ್ಕೆ ಹೋದೆ.

ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ರಾಚಪ್ಪ ಅರ್ಜಿ ಬರೆದು ಕೊಡುತ್ತಿದ್ದ. ಶಾಲೆಯಲ್ಲಿ ನನ್ನ ಜೊತೆಗಿದ್ದವನು.

"ಹುಟ್ಟಿದ್ದೆಲ್ಲಿ?" ಎಂದು ಕೇಳಿದ.

"ಹೊಳಿ ಆಚೆ ದಂಡ್ಯಾಗ. ಅವ್ವನ ತವರಾಗ."

ರಾಚಪ್ಪ ಬರೆಯುತ್ತಿದ್ದ ಟಾಕು ಕೆಳಗಿಟ್ಟ. ವೈದ್ಯರು ನಾಡಿ ಬಿಟ್ಟು ಮನೆಯವರ ಮುಖ ನೋಡುವ ಹಾಗೆ ನನ್ನನ್ನು ನೋಡಿದ.

"ಅಂದ್ರ ನೀ ಇಂಗ್ರೇಜಿ ಮುಲುಕಿನಾಗ ಹುಟ್ಟೀದಿ!"

"ಚೊಚ್ಚಲ ಹೆರಿಗಿ ತವರಾಗ ಆಗ್ತದೋ ಮಾರಾಯಾ!"

"ಅದು ನಿಮ್ಮವ್ವಗ ಗೊತ್ತು. ಸರಕಾರಕ್ಕ ಗೊತ್ತದೇನು? ಸಾಹೇಬ್ರು ಬಿಡಂಗಿಲ್ಲ. ಪರೀಕ್ಷಾ ತಗೋತಾರ. ರಾಜ್ಯದ ಚರಿತ್ರಿ, ಕಾರಭಾರ, ಎಲ್ಲಾ ಕೇಳ್ತಾರ. ಒಂದು ತಪ್ಪಿದ್ರ ಹೊಳಿ ಆಚೆ ಕಳಸ್ತಾರ."

ಈ ಮಾಹಿತಿಗೆ ಆಧಾರವೇನೆಂದು ನಾನು ಕೇಳಲಿಲ್ಲ. ಮನುಷ್ಯ ಭಯಪಟ್ಟಾಗ ಆಧಾರ ಕೇಳುವುದಿಲ್ಲ. ರಾಚಪ್ಪ ಎಲ್ಲಿಂದಲೋ ಉರ್ದು ಶಾಲೆಯ ಚರಿತ್ರೆಯ ಪುಸ್ತಕವೊಂದನ್ನು ತಂದುಕೊಟ್ಟ. ಅಂದಿನಿಂದ ನನ್ನ ವಿದ್ಯಾಭ್ಯಾಸ ಆರಂಭವಾಯಿತು.

ಆಳಿದ ದೊರೆಗಳನ್ನು ಕ್ರಮವಾಗಿ ಕಲಿತೆ. ಬಳಿಕ ಅವರನ್ನೇ ಕೊನೆಯಿಂದ ಮೊದಲಿಗೆ ಕಲಿತೆ. ಸುಭೆಗಳು, ಜಿಲ್ಲೆಗಳು, ಯಾವ ಅಧಿಕಾರಿಯ ಮೇಲೆ ಯಾವ ಅಧಿಕಾರಿ, ಯಾರು ಯಾರಿಗೆ ಸಲಾಮು ಹೊಡೆಯಬೇಕು, ಎಲ್ಲವೂ ಬಾಯಿಪಾಠವಾಯಿತು. ದೊರೆಗಳ ಬಿರುದುಗಳು ಬಹಳ ಉದ್ದ. ನಡುವೆ ಉಸಿರು ಎಳೆದುಕೊಂಡರೆ ಅಗೌರವವಾದೀತೆಂದು ಉಸಿರು ಬಿಗಿಹಿಡಿದೇ ಹೇಳುತ್ತಿದ್ದೆ. ಎರಡು ಸಲ ಕಣ್ಣಿಗೆ ಕತ್ತಲೆ ಬಂತು.

"ಇದೇನ್ರೀ, ದೆವ್ವ ಬಡಕೊಂಡವರ ಗತೆ?" ಎಂದಳು ನೀಲವ್ವ.

"ಸರಕಾರದ ಕೆಲಸ. ನಿನಗ ತಿಳಿಯಂಗಿಲ್ಲ."

"ನಿಮಗರೆ ತಿಳಿತದೇನು?"

ನನ್ನ ಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ.

ಕಚೇರಿಯಲ್ಲಿ ಫಸಲಿ ವರ್ಷದ ಲೆಕ್ಕ ನಡೆಯುತ್ತಿತ್ತು. ಅದರ ತಿಂಗಳುಗಳೇ ಬೇರೆ: ಆಜರ್, ದೈ, ಬಹಮನ್, ಹೀಗೆ ಹನ್ನೆರಡು. ಊರಿನ ಚೈತ್ರ, ವೈಶಾಖ ನಾಲಗೆಯ ಮೇಲೆ ಬರದಂತೆ ನಾನು ಕಟ್ಟುನಿಟ್ಟಾಗಿ ಮನಸ್ಸಿನಲ್ಲೂ ಸರಕಾರಿ ತಿಂಗಳುಗಳನ್ನೇ ಎಣಿಸತೊಡಗಿದೆ. ಇದೇ ಹೊತ್ತಿಗೆ ನೀಲವ್ವನ ಕುಬಸದ ದಿನ ನಿಶ್ಚಯವಾಯಿತು. ತವರಿನಿಂದ ಹಸಿರು ಸೀರೆ, ಕುಬಸ ತಂದು ಬಸುರಿಗೆ ಉಡಿ ತುಂಬುವ ಕಾರ್ಯ. ಅವಳ ತವರು ಜೇವರ್ಗಿ ಕಡೆಯ ಇಜೇರಿ. ಹೇಳಿಬರಲು ನಾನೇ ಹೋದೆ.

"ಖುರ್ದಾದ್ ಹನ್ನೊಂದಕ್ಕೆ ಬರಬೇಕ್ರಿ," ಎಂದು ಅತ್ತೆ ಮಾವಂದಿರಿಗೆ ಗಂಭೀರವಾಗಿ ಹೇಳಿ ಬಂದೆ.

ಅಳಿಯನ ಮಾತಿಗೆ ಎದುರು ಪ್ರಶ್ನೆ ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ನಾನು ಹೊರಟ ಮೇಲೆ ಅವರು ಓಣಿಯವರನ್ನೆಲ್ಲ ವಿಚಾರಿಸಿದರಂತೆ. ಒಬ್ಬರು ಅದು ಮುಂದಿನ ಹುಣ್ಣಿಮೆ ಎಂದರು. ಇನ್ನೊಬ್ಬರು ಖುರ್ದಾದ್ ಎಂಬುದು ಊರಿನ ಹೆಸರು, ಹೈದರಾಬಾದಿನ ಹತ್ತಿರ ಇದೆ ಎಂದರು. ಹುಣ್ಣಿಮೆಯ ಪಕ್ಷವೇ ಗೆದ್ದಿತು.

ನಿಶ್ಚಯಿಸಿದ ದಿನ ಮಣ್ಣೂರಿನಲ್ಲಿ ಹೂರಣ ರುಬ್ಬಿ ಆಯಿತು, ಹೋಳಿಗೆ ಬೆಂದು ಆಯಿತು. ನೀಲವ್ವ ಮಣೆಯ ಮೇಲೆ ಕೂತು ಊರ ಅಗಸಿಬಾಗಿಲ ಕಡೆ ನೋಡುತ್ತ ಮಧ್ಯಾಹ್ನ ಕಳೆದಳು. ಇಜೇರಿಯಿಂದ ಒಂದು ಬಂಡಿಯೂ ಬರಲಿಲ್ಲ. ತವರಿನವರಿಲ್ಲದೆ ಕುಬಸವಿಲ್ಲ. ಕೊನೆಗೆ ಓಣಿಯವರು ಉಂಡು ಎದ್ದುಹೋದರು. ಇಜೇರಿಯವರು ಹುಣ್ಣಿಮೆಗೆ ಹಸಿರು ಸೀರೆ ಹಿಡಿದು ಸಂಭ್ರಮದಿಂದ ಬಂಡಿ ಇಳಿದಾಗ ನಮ್ಮ ಮನೆಯಲ್ಲಿ ಆ ದಿನ ಮಾಡಿದ್ದು ಬರೀ ರೊಟ್ಟಿ, ಪುಂಡಿಪಲ್ಯೆ!

ಅತ್ತೆಯವರು ಮಗಳನ್ನು ಒಳಗೆ ಕರೆದು ಕೇಳಿದ್ದು ನನಗೆ ಕೇಳಿಸಿತು.

"ಯವ್ವಾ, ಅಳಿಯಾಂದ್ರು ಮೊದಲಿಂದಲೂ ಹಿಂಗs ಏನು, ಈಗೀಗ ಸುರು ಆಗ್ಯದೋ?"

ತನಿಖೆಯ ದಿನ ಬಂತು. ಸಾಕ್ಷಿಗೆ ಮಲ್ಲಪ್ಪ ಕಾಕಾನನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನಿಗೂ ಒಂದಿಷ್ಟು ಕಲಿಸಲು ಪ್ರಯತ್ನಪಟ್ಟೆ.

"ಲೇ ತಮ್ಮಾ, ಬಿಸಲಾಗ ನಡೆಯೋದs ಸಾಕಾಗ್ಯದ. ದೊರಿಗೋಳನ್ನ ಹೊರಿಸಬ್ಯಾಡ," ಎಂದ.

ತಹಶೀಲ್ದಾರ ಸಾಹೇಬರು ವಯಸ್ಸಾದವರು, ಸಮಾಧಾನದವರು. ಈ ಭಾಗದಲ್ಲಿ ಬಹಳ ವರ್ಷ ಇದ್ದು ನಮ್ಮ ಮಾತನ್ನೇ ಆಡುತ್ತಿದ್ದರು. ನನ್ನ ಅರ್ಜಿ ನೋಡಿ ಕಾಕಾನ ಕಡೆ ತಿರುಗಿದರು.

"ಇವನು ಎಲ್ಲಿ ಹುಟ್ಟಿದ್ದು?"

ಕಾಕಾ ಸುಳ್ಳು ಹೇಳುವ ಮನುಷ್ಯನಲ್ಲ.

"ಹೊಳಿ ಆಚೆ, ಅವರವ್ವನ ತವರಾಗ್ರಿ."

"ಅಂದ್ರೆ ಗೈರ್‌ಮುಲ್ಕಿ ಆದ."

"ಅದ್ಹ್ಯಾಂಗ್ರಿ? ಚೊಚ್ಚಲ ಹೆರಿಗಿ ತವರಾಗ ಆಗಲ್ದ ಮತ್ತೆಲ್ಲಿ ಆಗ್ತದ್ರಿ? ಮೂರು ತಿಂಗಳ ಕೂಸಿದ್ದಾಗ ನಾನs ಬುಟ್ಟ್ಯಾಗ ಹಾಕ್ಕೊಂಡು ಹರಗೋಲದಾಗ ತಂದೀನಿ." ಇಷ್ಟು ಹೇಳಿ ಕಾಕಾ ಸಹಜವಾಗಿ ಕೇಳಿದ: "ತಮ್ಮದು ಎಲ್ಲಿ ಆಗಿತ್ರಿ ಸಾಹೇಬ್ರ?"

ಕಚೇರಿಯೊಳಗೆ ಎಲ್ಲ ಟಾಕುಗಳೂ ನಿಂತವು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ನಾಗಪುರದಲ್ಲಿ," ಎಂದರು. "ಅಮ್ಮನ ತವರು."

ನಾಗಪುರವೂ ಇಂಗ್ಲಿಷರದೇ! ಆಮೇಲೆ ಸಾಹೇಬರೇ ನಕ್ಕುಬಿಟ್ಟರು. "ಹುಟ್ಟಿದ ಮಾತು ಬಿಡಿ. ಬೆಳೆದದ್ದು ಇಲ್ಲಿ, ಹೊಲ ಇಲ್ಲಿ. ಸಾಕು," ಎಂದು ಟಾಕನ್ನು ಮಸಿಯಲ್ಲಿ ಅದ್ದಿದರು.

ನನ್ನ ಕೆಲಸ ಆಗಿತ್ತು. ಕೈಮುಗಿದು ನಿಂತಿದ್ದರೆ ಸಾಕಿತ್ತು. ಆದರೆ ಇಷ್ಟು ಓದಿದವನಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸುವುದು ಅನ್ಯಾಯ ಎನಿಸಿತು.

"ಸಾಹೇಬ್ರ," ಎಂದೆ, "ಪರೀಕ್ಷಾ ತಗೊಳ್ಳಲಿಲ್ರಿ."

"ಯಾವ ಪರೀಕ್ಷೆ?"

ಕೇಳಿದ್ದೇ ತಡ, ನಾನು ಶುರುಮಾಡಿದೆ! ದೊರೆಗಳು ಹೋದರು, ದೊರೆಗಳು ಬಂದರು. ಬಿರುದುಗಳು ಒಂದೇ ಉಸಿರಿಗೆ ಮುಗಿದವು. ಜಿಲ್ಲೆಗಳು, ಸುಭೆಗಳು, ಹನ್ನೆರಡು ತಿಂಗಳು, ತಹಶೀಲ್ದಾರರ ಮೇಲೆ ಯಾರು, ಅವರ ಮೇಲೆ ಯಾರು. ಗೋಡೆಗೊರಗಿದ್ದ ಚಪರಾಸಿ ಅಟೆನ್ಷನ್ನಿನಲ್ಲಿ ನಿಂತುಕೊಂಡ. ನಾನು ಮುಗಿಸಿ ಬೆವರು ಒರೆಸಿಕೊಂಡಾಗ ಸಾಹೇಬರ ಮುಖದಲ್ಲಿ ನಗು ಉಳಿದಿರಲಿಲ್ಲ.

"ಇದನ್ನೆಲ್ಲ ಯಾಕೆ ಕಲಿತಿ?"

"ಮುಲ್ಕಿ ಅಂತ ತೋರಸಾಕ್ರಿ."

ಅವರು ಕಾಕಾನ ಕಡೆ ತಿರುಗಿದರು. "ಅಜ್ಜಾ, ನಮ್ಮ ರಾಜ್ಯಕ್ಕೆ ಜಿಲ್ಲೆ ಎಷ್ಟು?"

"ಒಂದು ಕಲಬುರ್ಗಿ ಕೇಳೇನ್ರಿ. ಬ್ಯಾರೆ ಇದ್ರ ಇರಬಹುದು."

"ಇದು ಸರಕಾರದ ಯಾವ ತಿಂಗಳು?"

"ಸರಕಾರದ ತಿಂಗಳು ನಮಗೇನ್ ಗೊತ್ರಿ? ಪಟವಾರಿ ಕಂದಾಯದ ಪಟ್ಟಿ ಕೇಳಾಕ ಬಂದ್ರ ಅದs ತಿಂಗಳು."

"ದೊರೆಗಳ ಹೆಸರು?"

ಕಾಕಾ ಕೈಮುಗಿದ. "ದೊರಿ ಅಂದ್ರ ದೊರಿನs ಅಲ್ರೀ? ಹೆಸರ ಹಿಡದ ಕರೆಯೋವಷ್ಟು ಸಲಿಗಿ ನಮಗಿಲ್ರಿ."

ಸಾಹೇಬರು ಕಾಕಾನನ್ನು ತೋರಿಸಿ, ಕಾಗದಪತ್ರ ನೋಡುವ ಪೇಶಕಾರರಿಗೆ ಹೇಳಿದರು: "ನೋಡಿ, ಮುಲ್ಕಿ ಅಂದ್ರೆ ಇವರು. ಇವರಿಗೆ ಈಗಲೇ ಪ್ರಮಾಣಪತ್ರ ಕೊಡಬಹುದು. ಆದ್ರೆ ಇವರು ಕೇಳಿಲ್ಲ." ನನ್ನ ಕಡೆ ನೋಡಿದರು. "ನಾನು ಇಲ್ಲಿ ಇಷ್ಟು ವರ್ಷ ಇದ್ದೀನಿ. ಇಲ್ಲಿ ಹುಟ್ಟಿ ಬೆಳೆದವರು ಒಬ್ಬರೂ ಇದನ್ನ ಒಪ್ಪಿಸಿಲ್ಲ. ಹೊರಗಿಂದ ಬಂದು ನೌಕರಿ ಹೊಡೆಯೋರು ಮಾತ್ರ ಹಿಂಗೆ ಬಾಯಿಪಾಠ ಮಾಡ್ತಾರೆ. ಅವರು ಓದಿ ಬರೋ ಪುಸ್ತಕವೂ ಇದೇ."

ಟಾಕು ಮಸಿಯಿಂದ ಹೊರಬಂದು ಪಕ್ಕಕ್ಕೆ ಮಲಗಿತು. ಅರ್ಜಿದಾರನಿಗೆ ಅಗತ್ಯಕ್ಕಿಂತ ಹೆಚ್ಚು ತಿಳಿದಿರುವುದರಿಂದ ಮರುತನಿಖೆ ಆಗಲಿ ಎಂದು ಆಜ್ಞೆಯಾಯಿತು.

ಆ ಮರುತನಿಖೆ ನಡೆಯಿತು, ನಾನು ಮುಲ್ಕಿ ಎಂದೂ ಸಾಬೀತಾಯಿತು. ಆದರೆ ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು, ಇಜೇರಿಯಲ್ಲಿ ನನ್ನ ಮಗಳು ಹುಟ್ಟಿದ್ದಳು, ಆಳಂದದ ನಾಕೆಯಲ್ಲಿ ಬೇರೆಯವನು ಕೂತಿದ್ದ. ತಾಯಿ ಮಗಳು ಕಾಕಾನ ಮನೆಯ ಅದೇ ಒಲೆಗೆ ಮರಳಿ ಬಂದರು. ಅದರ ಸಂಕಟ ದೊಡ್ಡದು. ಅದನ್ನು ಇಲ್ಲಿ ಬರೆಯುವುದಿಲ್ಲ.

ತನಿಖೆಯ ದಿನ ಸಂಜೆ ಮನೆ ಮುಟ್ಟಿದಾಗ ನಡೆದದ್ದನ್ನು ಮಾತ್ರ ದಾಖಲಿಸುತ್ತೇನೆ. ಕಾಕಾ ಚಪ್ಪಲಿ ಬಿಟ್ಟು, ಎತ್ತುಗಳ ಕಡೆ ಹೋಗಿಬಿಟ್ಟ. ನೀಲವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕೊಟ್ರೇನ್ರಿ?"

"ಇಲ್ಲ."

"ಯಾಕ? ಏನಂದ್ರು ಸಾಹೇಬ್ರು?"

ನಾನು ಕಾಲು ತೊಳೆದುಕೊಂಡೆ. ಸುಳ್ಳು ಹುಡುಕಿದೆ, ಸಿಗಲಿಲ್ಲ.

"ನನಗ ಭಾಳ ತಿಳಿತದ ಅಂದ್ರು."

ನೀಲವ್ವ ನನ್ನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದಳು. ಆಮೇಲೆ ತಂಬಿಗೆ ಎತ್ತಿಕೊಂಡು ಒಳಗೆ ಹೋಗುತ್ತ ಹೇಳಿದಳು:

"ಸಾಹೇಬ್ರು ಹೊಸಬರಿರಬೇಕು ಬಿಡ್ರಿ, ಪಾಪ."