ಒಂಬತ್ತು ಗಂಟೆಯ ಚಿಲಕ

ಯಾರನ್ನಾದರೂ ನಗಿಸಬೇಕೆಂದು ನಾನು ತರಗತಿ ನಡೆಸಿದವಳಲ್ಲ. ಆದರೂ ಪ್ರತಿ ಬೇಸಿಗೆಯಲ್ಲಿ ಇಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ತಡೆಯಲೆಂದು ನಿಯಮಗಳನ್ನು ಹೆಚ್ಚಿಸಿದೆ. ಪ್ರಸಂಗಗಳೂ ಹೆಚ್ಚಿದವು.

ಪ್ರೌಢಶಾಲೆಯ ಗಣಿತ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ಮೈಸೂರಿನ ಗೋಕುಲಂನಲ್ಲಿ ಪರಿಚಿತರೊಬ್ಬರ ಮನೆಯ ಹಜಾರದಲ್ಲಿ ಬೇಸಿಗೆ ತರಗತಿ ನಡೆಸುತ್ತೇನೆ. ಮೊದಲ ಅವಧಿ ಸ್ಪರ್ಧಾ ಗಣಿತ. ಎರಡನೆಯದು ಚರ್ಚೆ. ಒಂಬತ್ತಕ್ಕೆ ಬಾಗಿಲಿಗೆ ಚಿಲಕ.

ಈ ಸಲ ಒಬ್ಬ ಹುಡುಗಿ ಸೇರಿದಳು. ಎಂಥ ಕಠಿಣ ಲೆಕ್ಕ ಕೊಟ್ಟರೂ ಬಿಡಿಸುವಳು. ಬಾಯಿ ಮಾತ್ರ ತೆರೆಯಳು. ಶಾಲೆ ಆರಂಭವಾದ ಮೇಲೆ ಅಂತರಶಾಲಾ ಸ್ಪರ್ಧೆಯೊಂದಿತ್ತು. ಅಲ್ಲಿ ಉತ್ತರ ಬರೆದರೆ ಸಾಲದು. ತೀರ್ಪುಗಾರರ ಎದುರು ನಿಂತು ಅದನ್ನು ವಾದಿಸಿ ಸಮರ್ಥಿಸಬೇಕು. ಅವಳ ತಾಯಿ ಮೊದಲ ದಿನವೇ ಹೇಳಿದರು: "ತಪ್ಪಾಗ್ಬುಟ್ರೆ ಅಂತ ಅವಳಿಗೆ ಭಯ, ಮೇಡಂ. ನೂರಕ್ಕೆ ನೂರು ಖಾತ್ರಿ ಆಗೋವರೆಗೂ ಮಾತೇ ಆಡಲ್ಲ."

"ಕೊನೆಯ ದಿನ ಪೋಷಕರ ಎದುರು ಮಾತನಾಡುತ್ತಾಳೆ" ಎಂದೆ. ಹೇಳಿದ ಮೇಲೆ ಆಗಲೇಬೇಕು.

ಮನೆಲೆಕ್ಕ

ನಾನು ಕೊಟ್ಟ ಮನೆಲೆಕ್ಕವನ್ನು ಒಬ್ಬ ಹುಡುಗ ದಿನವೂ ಸೊಗಸಾಗಿ ಮಾಡಿ ತರುತ್ತಿದ್ದ. ಅಂದವಾದ ಅಕ್ಷರ, ಸರಿಯಾದ ಹಂತಗಳು. ಒಂದು ದಿನ ಅವನನ್ನು ಎಬ್ಬಿಸಿ, "ಈ ಮೂರನೆಯ ಹಂತ ಹೇಗೆ ಬಂತು?" ಎಂದೆ.

ಹುಡುಗ ಕಿಟಕಿಯ ಕಡೆ ನೋಡಿದ. "ಒಂದ್ನಿಮಿಷ ಮಿಸ್, ಕೇಳ್ಕೊಂಡ್ ಬರ್ತೀನಿ."

ರಸ್ತೆಯಾಚೆ, ಮರದ ನೆರಳಿನಲ್ಲಿ ಕಾರು ನಿಂತಿತ್ತು. ಒಳಗೆ ತಂದೆ. ತೊಡೆಯ ಮೇಲೆ ಬಿಳಿ ಹಾಳೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ನಾನೇ ಹೋಗಿ ಗಾಜು ತಟ್ಟಿದೆ. ಅವರು ಗಾಬರಿಯಾಗಿ ಇಳಿದರು. ಕ್ಷಮೆ ಕೇಳುವರೆಂದುಕೊಂಡೆ.

"ಮೇಡಂ, ನಿನ್ನೇದು ಸರಿ ಇತ್ತಾ?"

"ಇತ್ತು."

"ನಂಗೊತ್ತಿತ್ತು ಕಣ್ರೀ! ರಾತ್ರಿ ನಮ್ಮನೆಯವಳು ಊಟಕ್ಕೆ ಕರೆದ್ರೂ ನಾನು ಏಳ್ಲಿಲ್ಲ."

ನಾನು ಗಟ್ಟಿಯಾಗಿ ಹೇಳಿದೆ: "ಒಳಗೆ ಬನ್ನಿ. ಕೊನೆಯ ಬೆಂಚಿನಲ್ಲಿ ಜಾಗವಿದೆ. ಸದ್ದು ಮಾಡದೆ ಕೂತುಕೊಳ್ಳಿ."

ನಾಚಿಕೊಂಡು ಮನೆಗೆ ಹೋಗಲಿ ಎಂಬುದು ನನ್ನ ಉದ್ದೇಶ. ಅವರು ಬಂದು ಕೂತರು. ಮರುದಿನವೂ ಬಂದರು, ಮಗನಿಗಿಂತ ಮೊದಲು.

ನಾಣ್ಯದ ತೀರ್ಪು

ಚರ್ಚೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಯಾರೂ ಆರಿಸಿಕೊಳ್ಳುವಂತಿಲ್ಲ. ನಾಣ್ಯ ಚಿಮ್ಮುತ್ತೇನೆ, ಬಂದ ಪಕ್ಷವನ್ನು ಮನಸ್ಸಿಟ್ಟು ವಾದಿಸಬೇಕು. ನಾಣ್ಯದ ತೀರ್ಪೇ ಅಂತಿಮ.

ಒಂದು ಬೆಳಿಗ್ಗೆ ಜಯಲಕ್ಷ್ಮಿಪುರಂನಿಂದ ಅಜ್ಜಿಯೊಬ್ಬರು ಆಟೋದಲ್ಲಿ ಬಂದಿಳಿದರು. ಮೊಮ್ಮಗ ನನ್ನ ವಿದ್ಯಾರ್ಥಿ.

"ಟೀಚರಮ್ಮ, ನಮ್ಮನೇಲಿ ಮಧ್ಯಾಹ್ನ ಕಣ್ಣು ಮುಚ್ಚೋ ಹಾಗಿಲ್ಲ. ಮಧ್ಯಾಹ್ನದ ನಿದ್ದೆ ಬೇಕೋ ಬೇಡವೋ ಅಂತ ಇವನು ನಾಣ್ಯ ಚಿಮ್ಮಿದ್ನಂತೆ. ಬೇಡ ಅನ್ನೋ ಪಕ್ಷ ಬಂತಂತೆ. ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ವಾದ ಮಾಡ್ತಾನೆ. ನಂದು ಕಣ್ಣು ಹತ್ತಿದ್ರೆ, 'ಅಜ್ಜಿ, ನನ್ನ ಎರಡನೇ ಅಂಶ ಕೇಳಿಸ್ಕೊಂಡ್ಯಾ?' ಅಂತ ಎಬ್ಬಿಸ್ತಾನೆ."

ಹುಡುಗನ ಶ್ರದ್ಧೆ ನನಗೆ ಮೆಚ್ಚುಗೆಯಾಯಿತು. ತೋರಿಸಿಕೊಳ್ಳಲಿಲ್ಲ. "ನಿಯಮ ಎಲ್ಲರಿಗೂ ಒಂದೇ, ಅಮ್ಮ. ನೀವೂ ನಾಣ್ಯ ಚಿಮ್ಮಬಹುದು" ಎಂದೆ.

"ನಾನೂನಾ?" ಎಂದರು ಅಜ್ಜಿ. ಸ್ವಲ್ಪ ಯೋಚಿಸಿದರು. ಬಂದ ಆಟೋದಲ್ಲೇ ಹೊರಟರು.

ಮರುದಿನ ಹುಡುಗ ಮುಖ ಇಳಿಬಿಟ್ಟುಕೊಂಡು ಬಂದ.

"ಮಿಸ್, ನಂಗೆ ಮಾವಿನಹಣ್ಣು ಕೊಡಬೇಕೋ ಬೇಡವೋ ಅಂತ ಅಜ್ಜಿ ನಾಣ್ಯ ಚಿಮ್ಮಿದ್ರು. ಬೇಡ ಅಂತ ಬಂತು."

"ಸರಿ, ನೀನು ಪರವಾಗಿ ವಾದಿಸಬೇಕಿತ್ತು."

"ವಾದಿಸಿದೆ ಮಿಸ್. ಅಜ್ಜಿ ನಿದ್ದೆ ಹೋಗ್ಬುಟ್ರು."

ಸಾಲಾಗಿಟ್ಟ ಚಪ್ಪಲಿಗಳು

ಚಪ್ಪಲಿಗಳನ್ನು ಹೊಸ್ತಿಲಾಚೆ ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ ಇಡಬೇಕು. ಇದೂ ನಿಯಮ. ಪಕ್ಕದ ಕಟ್ಟಡದಲ್ಲಿ ಯೋಗಶಾಲೆ ಇದೆ. ಅಲ್ಲಿ ಚಪ್ಪಲಿಗಳು ಚೆಲ್ಲಾಪಿಲ್ಲಿ.

ಒಂದು ಬೆಳಿಗ್ಗೆ, ಚಿಲಕ ಹಾಕುವ ಮೊದಲೇ, ಚಾಪೆ ಹಿಡಿದ ವಿದೇಶಿ ಮಹಿಳೆಯೊಬ್ಬರು ಒಳಗೆ ಬಂದರು. ನಮ್ಮ ಚಪ್ಪಲಿ ಸಾಲನ್ನು ನೋಡಿ ಯೋಗಶಾಲೆ ಇದೇ ಎಂದು ತಿಳಿದರಂತೆ. ಆಗಷ್ಟೇ ಹಲಗೆಯ ಮೇಲೆ ಒಂದು ಲೆಕ್ಕ ಬರೆದಿದ್ದೆ. ಮಕ್ಕಳೆಲ್ಲ ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ನಿಶ್ಶಬ್ದ. ಆಕೆ ಮೂಲೆಯಲ್ಲಿ ಚಾಪೆ ಹಾಸಿ, ಬೆನ್ನು ನೆಟ್ಟಗೆ ಮಾಡಿ, ತಾವೂ ಕಣ್ಣು ಮುಚ್ಚಿದರು. ಎಬ್ಬಿಸಿದರೆ ಮಕ್ಕಳ ಏಕಾಗ್ರತೆ ಕೆಡುತ್ತದೆಂದು ಸುಮ್ಮನಿದ್ದೆ.

ಅವಧಿ ಮುಗಿದಾಗ ಆಕೆ ಎದ್ದು ನನಗೆ ಕೈ ಮುಗಿದರು. ಮೈಸೂರಿಗೆ ಬಂದಾಗಿನಿಂದ ಇಷ್ಟು ಆಳವಾದ ಧ್ಯಾನ ಸಿಕ್ಕಿರಲಿಲ್ಲ ಎಂದರು.

ಕೊನೆಯ ಬೆಂಚಿನಿಂದ ತಂದೆಯ ಧ್ವನಿ: "ಅವರಿಗೂ ಉತ್ತರ ಬರ್ಲಿಲ್ವಾ, ಮೇಡಂ?"

ಬಾಗಿಲ ಹೊಣೆ

ಇನ್ನು ಆ ಹುಡುಗಿಯ ವಿಷಯ. ಓಲೈಸಿದೆ, ಗದರಿಸಿದೆ, ಫಲವಾಗಲಿಲ್ಲ. ಆಗ ಬಾಗಿಲ ಹೊಣೆಯನ್ನು ಅವಳಿಗೇ ವಹಿಸಿದೆ. ನಿಯಮ ಹೀಗೆ: ತಡವಾಗಿ ಬಂದವರು ಕಿಟಕಿಯಾಚೆ ನಿಂತು ಕಾರಣ ಹೇಳಬೇಕು. ಬಾಗಿಲಿನವರು ಅದನ್ನು ಮಾತಿನಲ್ಲಿ ಖಂಡಿಸಿದರೆ, ಮೊದಲ ಅವಧಿ ಮುಗಿಯುವವರೆಗೆ ಹೊರಗೆ. ಖಂಡಿಸದಿದ್ದರೆ ಚಿಲಕ ತೆಗೆಯಬೇಕು.

ಮಾತನಾಡದೆ ಅವಳಿಗೆ ಬೇರೆ ದಾರಿಯಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವಳು ಪ್ರತಿ ಕಾರಣವನ್ನೂ ಗಮನವಿಟ್ಟು ಕೇಳಿ, ಮೌನವಾಗಿ ಚಿಲಕ ತೆಗೆಯತೊಡಗಿದಳು.

ಸುದ್ದಿ ಹರಡಿತು. ವಕ್ರ ಕಾರಣಗಳು ಬಂದವು. ಒಬ್ಬ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ದರ್ಶನ ಮಾಡಿ ಬಂದೆ ಎಂದ. ಬೆವರಿನ ಹನಿಯೂ ಇರಲಿಲ್ಲ. ಚಿಲಕ ಸರಿಯಿತು. ಇನ್ನೊಬ್ಬ, "ಕಾರಣ ಇನ್ನೂ ಯೋಚಿಸಿಲ್ಲ" ಎಂದ. ಅದಕ್ಕೂ ಚಿಲಕ ಸರಿಯಿತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಮಕ್ಕಳು ತಡವಾಗಿ ಬಂದದ್ದಿಲ್ಲ. ಮನೆಯ ಮಾಲೀಕರು, "ನಿಯಮ ಬದಲಾಯಿಸಿಬಿಡಿ" ಎಂದರು. ಬದಲಾಯಿಸಲಿಲ್ಲ.

ಕೊನೆಯ ದಿನ ಬಂತು. ಮೊದಲ ಅವಧಿಯಲ್ಲೇ ಪೋಷಕರ ಎದುರು ಮಕ್ಕಳ ಕಾರ್ಯಕ್ರಮ. ಹಿಂದಿನ ದಿನವೇ ಅದರ ಕ್ರಮವನ್ನು ಹಲಗೆಯ ಮೇಲೆ ಬರೆದಿದ್ದೆ. ಬೇಗನೇ ಬಂದೆ. ಗೇಟಿನಲ್ಲೇ ಕೊನೆಯ ಬೆಂಚಿನ ಆ ತಂದೆ ಅಡ್ಡ ನಿಂತರು, ಕೈಯಲ್ಲಿ ಹಾಳೆ.

"ಮೇಡಂ, ಮೊನ್ನೆಯ ಲೆಕ್ಕಕ್ಕೆ ಇನ್ನೊಂದು ದಾರಿ ಹೊಳೀತು. ನೋಡಿ."

ನೋಡಿದೆ. ತಪ್ಪಿತ್ತು. ತಪ್ಪನ್ನು ಕಂಡೂ ಹಾಗೇ ಬಿಡುವುದು ನನ್ನಿಂದಾಗದು. ಅದನ್ನು ತಿದ್ದಿ ತಲೆ ಎತ್ತಿದಾಗ ಚಿಲಕ ಬಿದ್ದ ಸದ್ದು ಕೇಳಿಸಿತು.

ಬಾಗಿಲು ತಟ್ಟಿದೆ. ಕಿಟಕಿಯಲ್ಲಿ ಆ ಹುಡುಗಿಯ ಮುಖ. ಅವಳ ಹಿಂದೆ ಪೋಷಕರೆಲ್ಲ ಕೂತಿದ್ದರು. ನಿಯಮದಂತೆ ಕಾರಣ ಹೇಳಿದೆ: "ಒಬ್ಬರಿಗೆ ಲೆಕ್ಕ ತಿದ್ದಿಕೊಡುತ್ತಿದ್ದೆ. ಅದು ನನ್ನ ಕರ್ತವ್ಯ."

ಅವಳು ಎಂದಿನಂತೆ ಗಮನವಿಟ್ಟು ಕೇಳಿದಳು. ಕೈ ಚಿಲಕದವರೆಗೆ ಹೋಯಿತು. ಅಲ್ಲೇ ನಿಂತಿತು.

"ಇಲ್ಲ, ಮಿಸ್."

ಒಳಗೆ ಯಾರದೋ ಕುರ್ಚಿ ಸರಿದ ಸದ್ದು.

"ಲೆಕ್ಕ ತಿದ್ದೋದು ಕರ್ತವ್ಯ, ಒಪ್ತೀನಿ. ಆದ್ರೆ ಅದನ್ನ ಒಳಗೆ ಬಂದು ತಿದ್ದಬಹುದಿತ್ತು. ಗೇಟ್ ಹತ್ರಾನೇ ತಿದ್ದಿದ್ದು ನಿಮ್ಮ ಆಯ್ಕೆ. ಆಯ್ಕೆ ಕಾರಣ ಆಗಲ್ಲ."

"ಇವರು ತಡೆದರು" ಎಂದು ತಂದೆಯನ್ನು ತೋರಿಸಿದೆ.

"ಹಾಗಾದ್ರೆ ಇಬ್ಬರೂ ತಡ. ಹಂಚ್ಕೊಂಡ್ರೆ ತಡ ಅರ್ಧ ಆಗಲ್ಲ, ಮಿಸ್."

ಒಳಗಿನಿಂದ ಅವಳ ತಾಯಿ ಕೂಗಿದರು: "ಏ, ಸಾಕು ಕಣೇ! ಮೇಡಂಗೇ ಎದುರು ಮಾತಾಡ್ತೀಯಾ? ಬಾಗಿಲು ತೆಗಿ!"

"ಅಮ್ಮ, ವಾದ ನಡೀವಾಗ ಸಭಿಕರು ಮಧ್ಯೆ ಮಾತಾಡ್ಬಾರ್ದು."

ಅದೂ ನನ್ನದೇ ನಿಯಮ. ತಾಯಿ ಕೂತರು. ನಿಯಮದಂತೆ ನಾನು ಹೊರಗೇ ನಿಂತೆ.

ಒಳಗೆ ಹಲಗೆಯ ಮೇಲಿನ ಕ್ರಮದಂತೆ ಮಕ್ಕಳೇ ಕಾರ್ಯಕ್ರಮ ನಡೆಸಿದರು. ಅವಳ ಸರದಿ ಬಂತು. ಲೆಕ್ಕವನ್ನು ಬಿಡಿಸಿದಳು, ಸಮರ್ಥಿಸಿದಳು, ಪೋಷಕರು ಕೇಳಿದ ಪ್ರಶ್ನೆಗಳಿಗೆಲ್ಲ ನಿಂತು ಉತ್ತರಿಸಿದಳು. ಧ್ವನಿ ಒಮ್ಮೆಯೂ ತಗ್ಗಲಿಲ್ಲ. ನಾನು ಕಿಟಕಿಯ ಸರಳು ಹಿಡಿದು ಒಂದೊಂದು ಪದವನ್ನೂ ಕೇಳಿಸಿಕೊಂಡೆ. ಪಕ್ಕದಲ್ಲಿ ಆ ತಂದೆ, "ನನ್ನಿಂದಲೇ ಅಲ್ವಾ ಮೇಡಂ, ಅವಳು ಮಾತಾಡಿದ್ದು?" ಎಂದರು. "ಸದ್ದು ಮಾಡಬೇಡಿ" ಎಂದೆ.

ಮೊದಲ ಅವಧಿ ಮುಗಿಯಿತು. ಚಿಲಕ ಸರಿಯಿತು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಮ್ಮಿಬ್ಬರ ಚಪ್ಪಲಿ ಸಾಲಿನಲ್ಲಿವೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನನ್ನದೇ ಧಾಟಿಯಲ್ಲಿ ಹೇಳಿದಳು:

"ಒಳಗೆ ಬನ್ನಿ. ಕೊನೆಯ ಬೆಂಚಿನಲ್ಲಿ ಜಾಗವಿದೆ. ಸದ್ದು ಮಾಡದೆ ಕೂತುಕೊಳ್ಳಿ."