ಹಂಡೆಯ ಸಿಹಿನೀರು ಕುಡಿದ ಬಾಜೂಮನೆ ಎಮ್ಮೆಯವರಿಗೆ

ಮಾನ್ಯ ಎಮ್ಮೆಯವರೇ,

ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿದು ಬದುಕುವ ದಾದಾಪೀರನೆಂಬ ನಾನು, ತಮ್ಮ ಕೊಟ್ಟಿಗೆಗೂ ನಮ್ಮ ಹಿತ್ತಲಿಗೂ ನಡುವೆ ಇರುವ ಮೋಟುಗೋಡೆಯ ಈಚೆಯಿಂದ ತಮಗೆ ಸಲಾಮು ಸಲ್ಲಿಸುತ್ತೇನೆ. ಮೇವು, ಹಿಂಡಿ, ಬಾಲದ ಬೀಸು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಶುಕ್ರವಾರ ತಾವು ನಮ್ಮ ಮನೆಗೆ ದಯಮಾಡಿಸಿದ ಬಗ್ಗೆ ಒಂದೆರಡು ಮಾತನ್ನು, ಓಣಿಯವರಿಗೆಲ್ಲ ತಿಳಿದಿರಲೆಂದು, ಬಹಿರಂಗವಾಗಿಯೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಊರಾಚೆ ಪೈಪು ಒಡೆದು ವಾರ ಕಳೆದಿತ್ತು. ನಲ್ಲಿಗಳು ಬರೀ ಗಾಳಿ ಊದುತ್ತಿದ್ದವು. ಓಣಿಯ ಬೋರಿನಲ್ಲಿ ನೀರಿಗೇನೂ ಕೊರತೆಯಿಲ್ಲ. ಆದರೆ ಆ ಉಪ್ಪುನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಾಯಾರಿದವನು ಕುಡಿದರೆ ಇನ್ನಷ್ಟು ಬಾಯಾರುತ್ತಾನೆ. ಅಂಥ ದಿನವೇ ನನ್ನ ಮಗಳು ನಸ್ರೀನಳನ್ನು ನೋಡಲು ಮುಂಡರಗಿಯಿಂದ ಬೀಗರಾಗುವವರು ಬರುವುದಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಅವತ್ತು ರಜೆ ಹಾಕಿ, ಬೆಳಿಗ್ಗೆ ಬಂದ ಟ್ಯಾಂಕರಿನ ಮುಂದೆ ನಿಂತು ನೂಕಾಡಿ, ಸಿಹಿನೀರು ಹೊತ್ತು ತಂದು ಹಂಡೆ ತುಂಬಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿದ್ದಳು.

ನಾನು ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ತಾವು ಹಗ್ಗ ಹರಿದುಕೊಂಡು ಹಿತ್ತಲ ಬಾಗಿಲಿನಿಂದ ಒಳಬಂದು, ಕೊಂಬಿನ ತನಕ ಮುಖವನ್ನು ಹಂಡೆಯೊಳಗಿಟ್ಟಿದ್ದಿರಿ. ಆ ಏಕಾಗ್ರತೆ ನನಗೆ ನಮಾಜಿನಲ್ಲೂ ಸಿದ್ಧಿಸಿಲ್ಲ. ತಳದ ಹನಿಯನ್ನೂ ನೆಕ್ಕಿ ತಲೆಯೆತ್ತಿ, ಇನ್ನೂ ಇದೆಯೇ ಎಂಬಂತೆ ನನ್ನನ್ನು ನೋಡಿದಿರಿ. ನಾನು ಗಾಬರಿಯಲ್ಲಿ ಬೋರಿನ ಬಕೆಟ್ಟನ್ನು ಮುಂದಿಟ್ಟರೆ, ಮೂಸಿ ನೋಡಿ ಮುಖ ತಿರುಗಿಸಿದಿರಿ. ಬಿಳಿ ಬಟ್ಟೆಯನ್ನು ಮಾತ್ರ ತಾಂಬೂಲದಂತೆ ಮೆಲ್ಲುತ್ತ ಹೊರಟಿರಿ.

ಅಷ್ಟರಲ್ಲಿ ಅತಿಥಿಗಳು ಬಂದೇಬಿಟ್ಟರು. ನನ್ನ ಹೆಂಡತಿ ಜನ್ನತಬಿ ವಿಧಿಯಿಲ್ಲದೆ ಬೋರಿನ ನೀರಿನಲ್ಲೇ ಚಹಾ ಇಟ್ಟಳು, ಹಾಲು ಒಡೆಯಿತು. ಅದನ್ನು ಚೆಲ್ಲಿ ಅದೇ ನೀರಿನಲ್ಲಿ ಲಿಂಬೆ ಶರಬತ್ತು ಮಾಡಿದಳು. ಹುಡುಗನ ತಾಯಿ ಅಮೀರಾ ಒಂದು ಗುಟುಕು ಕುಡಿದು, ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕುಳಿತರು. ಸಂಬಂಧ ಅಲ್ಲಿಗೆ ಮುಗಿಯಿತೆಂದು ನಾನು ನೆಲ ನೋಡತೊಡಗಿದೆ. ಆಗ ನಸ್ರೀನ ಬಂದು ಅವರ ಕೈಯಿಂದ ಲೋಟ ತೆಗೆದುಕೊಂಡಳು.

"ಇದನ್ನ ಕುಡೀಬ್ಯಾಡ್ರಿ, ಖಾಲಾ. ಸಿಹಿನೀರೆಲ್ಲಾ ಬಾಜೂಮನಿ ಎಮ್ಮಿ ಕುಡದು ಹೋಗೇತಿ. ಇದು ಬೋರಿನ ನೀರು."

ಅಮೀರಾ ಅವಳ ಮುಖವನ್ನೇ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ನಮ್ಮನ್ಯಾಗ ಆಗಿದ್ರ ನಾ ಬಂದವರಿಗೆ ಏನೂ ಹೇಳದ ಪೂರ್ತಿ ಕುಡಿಸಿಬಿಡ್ತಿದ್ನಿ" ಎಂದರು.

ನಗು ನಿಲ್ಲುವ ಮೊದಲೇ ತಮ್ಮ ಯಜಮಾನಿ ಬಸವಣ್ಣೆವ್ವ ಟ್ಯಾಂಕರಿನಿಂದ ಅವರಿಗೆ ಸಿಕ್ಕಿದ್ದ ಒಂದೇ ಕೊಡ ಸಿಹಿನೀರನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದರು. "ನಮ್ಮ ಎಮ್ಮಿ ಮಾಡಿದ್ದು ನಾವ ತುಂಬಿಕೊಡಬೇಕಲ್ರಿ" ಎಂದು ಕೊಡ ಇಳಿಸಿದರು. ಅವರಿಗೆ ಕುಡಿಯಲು ಏನುಳಿಯಿತೆಂದು ಜನ್ನತಬಿ ಕೇಳಿದ್ದಕ್ಕೆ, "ಇಲ್ಲೇ ಕುಡದು ಹೋಗ್ತೀನಿ" ಎಂದು ಕುಳಿತೇಬಿಟ್ಟರು.

ಚಹಾ ಕುದಿಯುವಾಗ ನಸ್ರೀನ ಹುಡುಗನನ್ನು ನೇರವಾಗಿಯೇ ಕೇಳಿದಳು: "ನಿಮ್ಮನ್ಯಾಗ ನೀರು ಯಾರು ತರ್ತಾರ?"

ಹುಡುಗ ನಯಾಜ ತಾಯಿಯ ಕಡೆ ನೋಡಿ, "ಹೆಚ್ಚಾಗಿ ನಾನ" ಎಂದ.

"ಖರೆ," ಎಂದರು ಅಮೀರಾ, "ಆದ್ರ ಅರ್ಧಾ ಹಾದ್ಯಾಗ ಚೆಲ್ಲಿ ಬರ್ತಾನ."

"ಅದನ್ನ ಕಲಿಸಬಹುದು" ಎಂದಳು ನಸ್ರೀನ. ಅವಳು ಒಪ್ಪಿದ್ದು ನಮಗೆ ಗೊತ್ತಾದದ್ದು ಹೀಗೆ. ನಾನು ಚಹಾದ ಬಟ್ಟಲು ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ. ಅಲ್ಲಿ ತಾವು ಗೋಡೆಯ ಮೇಲೆ ಗದ್ದ ಊರಿ ಎಲ್ಲವನ್ನೂ ನೋಡುತ್ತಿದ್ದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹಗಳೇನೆಂದರೆ, ನಿಕಾಹಕ್ಕೆ ತಾವು ಅವಶ್ಯ ಬರಬೇಕು, ಆದರೆ ನೀರು ಕುಡಿದುಕೊಂಡು ಬರಬೇಕು. ಬಾಯಾರಿಕೆ ತಡೆಯದಿದ್ದರೆ ಬಾಗಿಲಲ್ಲಿ ಒಮ್ಮೆ ಕೆಮ್ಮಬೇಕು. ಕುಡಿದ ಹಂಡೆಯ ಲೆಕ್ಕವನ್ನು ಅಂದಿನ ಖೀರಿಗೆ ಗಟ್ಟಿ ಹಾಲಿನ ರೂಪದಲ್ಲಿ ಚುಕ್ತಾ ಮಾಡಬೇಕು. ನೀರು ಬೆರೆತ ಹಾಲನ್ನು ಮಾತ್ರ ಸ್ವೀಕರಿಸಲಾಗುವುದಿಲ್ಲ.

ಹಿತ್ತಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿಯೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ದಾದಾಪೀರ

ತಾ.ಕ.: ಪೈಪು ದುರಸ್ತಿಗೆಂದು ಸಂಬಂಧಪಟ್ಟ ಸಾಹೇಬರಿಗೂ ಒಂದು ಪತ್ರ ಹಾಕಿದ್ದೇನೆ. ಇನ್ನೂ ಸುದ್ದಿಯಿಲ್ಲ. ತಾವಾದರೋ ಹೆಸರು ಹಿಡಿದು ಕೂಗಿದರೆ "ಅಂಬೋ" ಎಂದಾದರೂ ಅನ್ನುತ್ತೀರಿ. ಮುಂದಿನ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲುವ ಮನಸ್ಸಿದ್ದರೆ ದಯವಿಟ್ಟು ತಿಳಿಸಬೇಕು.