ಮೂರನೇ ಜ್ವರದ ಹುಳು

ಪದವೀಧರನಾದವನಿಗೆ ಒಂದು ತೊಂದರೆಯಿದೆ. 'ನನಗೆ ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಗೆ ಸಲೀಸಾಗಿ ಬರುವುದಿಲ್ಲ. ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಬರೆದುಕೊಂಡವನು ನಾನೇ ಮೊದಲು. ಮಳವಳ್ಳಿ ಪಕ್ಕದ ಹಳ್ಳಿಯಿಂದ ಮಂಡ್ಯದ ಹೈಸ್ಕೂಲಿಗೆ, ಅಲ್ಲಿಂದ ಬೆಂಗಳೂರಿಗೆ ಅವ್ವನ ಹುರಿಹಿಟ್ಟಿನ ಬಲದ ಮೇಲೆ ಹೋಗಿಬಂದವನು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಅಕ್ಷರಗಳನ್ನು ಛತ್ರಿಯ ಹಿಡಿಯ ಮೇಲೂ ಕೆತ್ತಿಸಿಬಿಟ್ಟಿದ್ದೆ.

ಯುದ್ಧದ ದಿನಗಳು. ಕೆಲಸವಿಲ್ಲದೆ ಮನೆಯಲ್ಲಿದ್ದ ನನಗೆ ಭೂವಿಜ್ಞಾನದ ಮೇಷ್ಟರು ಒಂದು ಪೆಟ್ಟಿಗೆ ಕಲ್ಲು ಕಳಿಸಿದರು. ಹಿಮಾಲಯದ ಸ್ಪಿತಿ ಕಣಿವೆಯ ಟ್ರೈಲೊಬೈಟುಗಳು. ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿ ಕಲ್ಲಾಗಿ ಹೋದ ಜೀವಿಗಳು. ಅಲ್ಲಿನವನ್ನು ಹೆಚ್ಚು ಜನ ನೋಡಿಯೇ ಇರಲಿಲ್ಲ. ಗುರುತಿಸಿ ಪಟ್ಟಿ ಮಾಡು, ಸರಿಯಿದ್ದರೆ ಸಹಾಯಕನಾಗಿ ಕರೆಸಿಕೊಳ್ಳುತ್ತೇನೆ ಎಂದು ಬರೆದಿದ್ದರು. ಮದ್ದೂರು ಸ್ಟೇಷನ್ನಿನಿಂದ ಪೆಟ್ಟಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದ ಅಪ್ಪ, ನಮ್ಮ ಹೊಲದಲ್ಲಿ ಕಲ್ಲಿಗೆ ಬರ ಬಂದಿತ್ತೇ ಎಂದು ಕೇಳಿದ.

ಅವ್ವನ ರೇಷ್ಮೆಹುಳುವಿನ ಖಾಲಿ ತಟ್ಟೆಯೊಂದನ್ನು ತಂದು ಜಗಲಿಯಲ್ಲಿ ಕಲ್ಲು ಹರಡಿದೆ. ಹದಿನೈದು ದಿನ ಭೂತಗನ್ನಡಿ ಹಿಡಿದು ನೋಡಿ, ಇಡಿಯವನ್ನೂ ಬಿಡಿ ತಲೆಗಳನ್ನೂ ಸೇರಿಸಿ ಚಿಕ್ಕವು, ನಡುವಿನವು, ದೊಡ್ಡವು ಎಂದು ಮೂರು ಗುಡ್ಡೆ ಮಾಡಿದೆ. ಮೂರೂ ಹೊಸ ಜಾತಿ! ಒಂದಕ್ಕೆ ಊರಿನ ಹೆಸರು, ಒಂದಕ್ಕೆ ಅಪ್ಪನದು, ಮೂರನೆಯದಕ್ಕೆ, ಸಂಕೋಚಪಟ್ಟುಕೊಂಡೇ, ನನ್ನದು.

ಪಟ್ಟಿ ಅಂಚೆಗೆ ಹೋಗಬೇಕಾದ ದಿನ ಅವ್ವ ತನ್ನ ತಟ್ಟೆ ಕೇಳಲು ಬಂದಳು. ಬಗ್ಗಿ ನೋಡಿದಳು.

"ಲೇ, ಇವೆಲ್ಲ ಒಂದೇ ಉಳ ಕಣ್ಲಾ. ಇದು ಎಲ್ಡನೇ ಜ್ವರದ್ದು, ಇದು ಮೂರ್ನೇ ಜ್ವರದ್ದು. ಈ ಬಿಡಿ ತಲೆಗೋಳು ಕಳಚಾಕಿರೋ ಪೊರೆ."

ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇವು ಸಮುದ್ರದವು, ನಿನ್ನ ಹಿಪ್ಪುನೇರಳೆ ಸೊಪ್ಪಿನವಲ್ಲ ಎಂದು ಪದವೀಧರನ ಗತ್ತಿನಲ್ಲಿ ಹೇಳಿದೆ.

"ಸಮುದ್ರದಾಗಿದ್ರೆ ಬೆಳೆಯಾಕಿಲ್ವಾ?"

ಮತ್ತೆ ಭೂತಗನ್ನಡಿ ಹಿಡಿದೆ. ಹುಳು ಪೊರೆ ಬಿಟ್ಟು ಹೊರಬಂದಂತೆ ಬಿಡಿ ತಲೆಗಳೆಲ್ಲ ಒಂದೇ ಗೆರೆಯಲ್ಲಿ ಬಿರಿದಿದ್ದವು. ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ಗಾತ್ರ ಏರುತ್ತ ಹೋಗಿತ್ತು. ಅಪ್ಪನ ಹೆಸರು ಹೊಡೆದುಹಾಕಿದೆ, ನನ್ನದನ್ನೂ ಹೊಡೆದುಹಾಕಿದೆ. ಊರಿನ ಹೆಸರೊಂದನ್ನೇ ಉಳಿಸಿ, ಪೊರೆಯ ವಿಷಯ ವಿವರವಾಗಿ ಬರೆದು, 'ನನ್ನ ದೀರ್ಘ ಅವಲೋಕನದಿಂದ' ಎಂದು ಸೇರಿಸಿ ಕಳಿಸಿದೆ.

ಮೇಷ್ಟರ ಉತ್ತರ ಬಂತು. ಆ ಒಂದು ಜಾತಿಗೂ ಯಾರೋ ಹಿಂದೆಯೇ ಹೆಸರಿಟ್ಟಿದ್ದಾರಂತೆ. ಆದರೆ ಪೊರೆಯ ಮಾತು ತಮಗೇ ಹೊಳೆದಿರಲಿಲ್ಲ, ಕೂಡಲೇ ಹೊರಟು ಬಾ ಎಂದಿದ್ದರು. ಸೊಪ್ಪು ಹಾಕುತ್ತಿದ್ದ ಅವ್ವನಿಗೆ ಓದಿ ಹೇಳಿದೆ.

"ನಿಮ್ ಮೇಷ್ಟ್ರು ಉಳ ಸಾಕವ್ರಾ?"

"ಇಲ್ಲ ಕಣವ್ವ."

"ಅದ್ಕೇ ನಿನ್ನ ಕರ್ದವ್ರೆ."

ಅಂದಿನಿಂದ ಬಿ.ಎಸ್ಸಿ.ಯನ್ನು ಸ್ವಲ್ಪ ಚಿಕ್ಕದಾಗಿಯೇ ಬರೆಯುತ್ತಿದ್ದೇನೆ. ಛತ್ರಿಯ ಮೇಲಿನದನ್ನು ಮಾತ್ರ ಏನೂ ಮಾಡುವಂತಿಲ್ಲ. ಬಿಸಿಲಿರಲಿ ಮಳೆಯಿರಲಿ, ಆ ಅಕ್ಷರಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತೇನೆ.